ಕಂದಕಕ್ಕೆ ಬಿದ್ದ ದೊರೆ

ಜರ್ಮನ್ ನಾಡಿನಲ್ಲಿ ಮೂರೇ ಹಳ್ಳಿಗಳನ್ನು ಆಳುತ್ತಿದ್ದ ಲುಡೋಲ್ಫ್ ದೊರೆಗೆ ಇಪ್ಪತ್ತೇಳು ಬಿರುದುಗಳಿದ್ದವು. ಒಂದು ಬೆಳಿಗ್ಗೆ ಅವನು ಕಾಲು ಜಾರಿ ಕೋಟೆಯ ಕಂದಕಕ್ಕೆ ಬಿದ್ದ. ಕಿಟಕಿಯಲ್ಲಿದ್ದ ಆಸ್ಥಾನದ ಗಿಳಿ ಎದೆಯುಬ್ಬಿಸಿ, "ಶ್ರೀಮನ್ಮಹಾ ಗ್ರಾಮತ್ರಯಾಧೀಶ್ವರ, ಗಾಳಿಗಿರಣಿ ಸಂರಕ್ಷಕ..." ಎಂದು ಶುರುಮಾಡಿತು. ದಿನವೂ ಕೇಳುವ ಪಾಠವೆಂದು ಯಾರೂ ಹೊರಗೆ ಬರಲಿಲ್ಲ.

ಕಂದಕದ ಬಾತುಕೋಳಿಗೆ ಜೀವ ಬಾಯಿಗೆ ಬಂತು. "ಪ್ರಭುಗಳು ಮುಳುಗುತ್ತಿದ್ದಾರೆ! ಬೇಗ ವಿಷಯ ಹೇಳಯ್ಯಾ!"

"ಬಿರುದುಗಳು ಮುಗಿಯದೆ ವಿಷಯಕ್ಕೆ ಬರುವಂತಿಲ್ಲ. ನೀನು ನಡುವೆ ಬಾಯಿ ಹಾಕಿದ್ದರಿಂದ ಸಾಲು ತಪ್ಪಿತು," ಎಂದು ಗಿಳಿ ಮೊದಲಿನಿಂದ ಆರಂಭಿಸಿತು.

ಬಾತುಕೋಳಿ ತಡೆಯಲಾರದೆ, "ಬಿದ್ದ! ದೊರೆ ಬಿದ್ದ!" ಎಂದು ಅರಚಿತು. ಅಡುಗೆಯವಳು ಓಡಿಬಂದು ಅವನನ್ನು ದಡಕ್ಕೆಳೆದಳು.

ದೊರೆ ನೀರು ಕಕ್ಕಿ, ಕಣ್ಣು ಬಿಟ್ಟು, ಸುತ್ತಲೂ ನೋಡಿ ಕೇಳಿದ: "ನನ್ನನ್ನು ಏಕವಚನದಲ್ಲಿ ಕೂಗಿದವರು ಯಾರು?"