ಹಿಂದಕ್ಕೆ ತಳ್ಳಿದ ಕರು

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಆಶ್ರಮ. ಅಲ್ಲಿ ನೀಲವ್ವ ತಾಯಿ ಎಂಬ ಗುರು ಇದ್ದರು. ಅವರಿಗೆ ಒಬ್ಬಳೇ ಶಿಷ್ಯೆ, ಶರಣವ್ವ.

ಹೆತ್ತವ್ವನೊಡನೆ ಜಗಳವಾಡಿ, ಹೇಳದೆ ಮನೆ ಬಿಟ್ಟು ಬಂದವಳು ಅವಳು. ಅವಳ ಊರು ಹೊಳೆಯಾಚೆಗೇ ಇತ್ತು. ಬಟ್ಟೆ ಒಗೆಯುವಾಗಲೂ ಆ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

“ದೀಕ್ಷಾ ಯಾವಾಗ ಕೊಡ್ತೀರಿ, ತಾಯಿ?”

“ಎಮ್ಮಿ ಈಯಲಿ, ನೋಡೂಣು.”

ಎಮ್ಮೆಯ ಹೆಸರು ಬೆಳ್ಳಿ. ಮೈ ಮಾತ್ರ ಇದ್ದಲು. ಅದಕ್ಕಿದು ಚೊಚ್ಚಲು.

ಒಂದು ದಿನ ಬೆಳಿಗ್ಗೆ ಬೇನೆ ಶುರುವಾಯಿತು. ಮಧ್ಯಾಹ್ನವಾದರೂ ಕರುವಿನ ಮೂತಿ ಮತ್ತು ಒಂದು ಗೊರಸು ಮಾತ್ರ ಕಂಡವು. ದನದ ಡಾಕ್ಟರು ಇದ್ದದ್ದು ಆಚೆ ದಡದಲ್ಲಿ. ಹೊಳೆ ತುಂಬಿ ದೋಣಿ ನಿಂತಿತ್ತು.

ನೀಲವ್ವ ತಾಯಿ ಕೊಟ್ಟಿಗೆಗೆ ಬರುವಷ್ಟರಲ್ಲಿ ಶರಣವ್ವ ಆ ಗೊರಸಿಗೆ ಹಗ್ಗ ಬಿಗಿದು, ನೆಲದ ಕಲ್ಲಿಗೆ ಕಾಲು ಕೊಟ್ಟು ಎಳೆಯುತ್ತಿದ್ದಳು. ಎಮ್ಮೆ ನರಳುತ್ತಿತ್ತು.

“ಹಗ್ಗ ಬಿಡು.”

“ಬಿಟ್ಟರ ಕರ ಒಳಗ ಹೋಗತೈತ್ರಿ.”

“ಹೋಗಲಿ.”

“ಅಲ್ರಿ ತಾಯಿ, ಇಷ್ಟು ಬಂದೈತಿ.”

“ಈಯಾಕತ್ತಿದ್ದು ಯಾರು? ಅದೋ, ನೀನೋ?”

ಶರಣವ್ವ ಹಗ್ಗ ಬಿಟ್ಟಳು.

ತಾಯಿ ಅವಳ ಕೈಯನ್ನು ಸಾಬೂನು ಹಚ್ಚಿ ತೊಳೆಸಿ, ಮೊಣಕೈ ದಾಟುವವರೆಗೆ ಎಣ್ಣೆ ಸವರಿದರು.

“ನನ್ನ ಕೈ ನಡಗತಾವ. ನಿನ್ನ ಕೈ ಸಣ್ಣದೈತಿ. ಒಳಗ ಏನೈತಿ, ನೋಡಿ ಹೇಳು.”

“ತಲಿ ಐತ್ರಿ. ಒಂದು ಕಾಲು ಐತಿ. ಇನ್ನೊಂದು... ಮೊಣಕಾಲಿಗೆ ಮಡಚಿ ಹಿಂದ ಸಿಕ್ಕೊಂಡೈತಿ.”

“ಅದಕ್ಕ ಬರವಲ್ದು. ಎಮ್ಮಿ ತಿಣುಕೂದು ನಿಲ್ಲಿಸಿದಾಗ ಕರಾನ ಹಿಂದಕ್ಕ ತಳ್ಳು.”

“ಹಿಂದಕ್ಕ?”

“ಹೂಂ. ಜಾಗಾ ಆಗತೈತಿ. ಆಮ್ಯಾಲೆ ಗೊರಸನ್ನ ಅಂಗೈಯಾಗ ಮುಚ್ಚಿ ಹಿಡಿದು ಮುಂದ ತಾ. ಒಳಗೆಲ್ಲೂ ಗೀರಬಾರದು.”

ಶರಣವ್ವ ತಳ್ಳಿದಳು. ಹೊರಗೆ ಕಾಣುತ್ತಿದ್ದ ಮೂತಿಯೂ ಮರೆಯಾದಾಗ ಅವಳ ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತಿನ ಮೇಲೆ ಮಡಚಿದ ಕಾಲು ನೆಟ್ಟಗಾಯಿತು.

ಆಮೇಲೆ ಎಮ್ಮೆ ತಿಣುಕಿದಾಗ ಎಳೆದಳು, ನಿಂತಾಗ ನಿಂತಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿರಲಿಲ್ಲ. ತಾಯಿ ಅದರ ಮೂಗು ಒರೆಸಿ ಹುಲ್ಲುಕಡ್ಡಿ ಆಡಿಸಿದರು. ಕರು ಸೀನಿತು.

“ಹಂಗ ಎಳಕೋತ ಹೋಗಿದ್ದರ, ತಾಯಿ?”

“ಕರ ಸಾಯತಿತ್ತು, ಎಮ್ಮಿಗೆ ಒಳಗ ಹರೀತಿತ್ತು. ಎಮ್ಮಿ ಉಳಿದಿದ್ದರೂ ಹಾಲು ಕಡಿಮಿ ಆಗತಿತ್ತು, ಮತ್ತ ಗಬ್ಬ ನಿಲ್ಲೂದು ಕಷ್ಟ ಇತ್ತು.”

ಮರುದಿನ ಹೊಳೆ ಇಳಿಯಿತು. ದೋಣಿಯಲ್ಲಿ ಡಾಕ್ಟರು ಬಂದರು. ಕರುವಿನ ಹಿಂದೆ ಬೀಳುವ ಮಾಸು ಪೂರ್ತಿ ಬಿದ್ದಿದೆಯೇ ಎಂದು ನೋಡಿ, ನಂಜಾಗದಂತೆ ಔಷಧ ಕೊಟ್ಟರು.

ಕರು ಹೊಟ್ಟೆ ತುಂಬ ಕುಡಿದು ಮಿಕ್ಕ ಹಾಲಿನಲ್ಲಿ ತಾಯಿ ಗಿಣ್ಣ ಮಾಡಿದ್ದರು. ಅದನ್ನೊಂದು ಡಬ್ಬಿಗೆ ಹಾಕಿ ಶರಣವ್ವನ ಮುಂದೆ ಹಿಡಿದರು.

“ಡಾಕ್ಟರ ದೋಣಿ ಹೊಳ್ಳಿ ಹೊಂಟೈತಿ. ನಿಮ್ಮವ್ವಗ ಕೊಟ್ಟು ಬಾ.”

ಶರಣವ್ವ ಕೈ ಚಾಚಲಿಲ್ಲ.

“ನಾ ಕೇಳಿದ್ದು ದೀಕ್ಷಾ, ತಾಯಿ. ಎಲ್ಲಾ ಬಿಟ್ಟು ಬಂದೀನಿ. ಈಗ ಹಿಂದಕ್ಕ ಯಾಕ ಹೋಗಲಿ?”

ಕೊಟ್ಟಿಗೆಯಲ್ಲಿ ಕರು ತಡವರಿಸುತ್ತ ಎದ್ದು, ನಾಲ್ಕೂ ಕಾಲೂರಿ ನಿಂತಿತ್ತು. ತಾಯಿ ಅದನ್ನೇ ನೋಡುತ್ತ ಕೇಳಿದರು:

“ನಿನ್ನೆ ಆ ಕರಾನ ಯಾಕ ಹಿಂದಕ್ಕ ತಳ್ಳಿದಿ?”