ನೂರ ಎಂಬತ್ತೊಂಬತ್ತನೆಯ ಶೇಷ

ನದಿಯ ದಂಡೆಯ ಆಶ್ರಮದಲ್ಲಿ ಗುಣಾಕರರು ಶಿಷ್ಯ ನೇಮಯ್ಯನಿಗೆ ಒಂದು ಸಂಖ್ಯೆ ಕೊಟ್ಟರು. ಹನ್ನೆರಡು ಲಕ್ಷದ ತೊಂಬತ್ತೊಂಬತ್ತು ಸಾವಿರದ ನಾನೂರ ಎಪ್ಪತ್ತೊಂಬತ್ತು.

"ಇದು ಒಡೆಯುತ್ತದೋ ಇಲ್ಲವೋ, ನೋಡಿ ಹೇಳು."

ನೇಮಯ್ಯ ಮರಳಿನ ಹಲಗೆಯ ಮುಂದೆ ಕೂತ. ಎರಡು, ಮೂರು, ಐದು, ಏಳು, ಹೀಗೆ ತಾವೇ ಒಡೆಯದ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಸಾವಿರದ ನೂರ ಇಪ್ಪತ್ತೊಂಬತ್ತರವರೆಗೆ ಹೋಗಬೇಕು. ಎಲ್ಲಕ್ಕೂ ಶೇಷ ಉಳಿದರೆ ಸಂಖ್ಯೆ ಒಡೆಯದು. ಒಟ್ಟು ನೂರ ಎಂಬತ್ತೊಂಬತ್ತು ಭಾಗಾಕಾರ.

ಪ್ರತಿ ಸಲವೂ ಮರಳನ್ನು ಅಳಿಸಿ, ಶೇಷವನ್ನಷ್ಟೇ ತಾಳೆಗರಿಯಲ್ಲಿ ಕೊರೆಯುವುದು ಅಲ್ಲಿಯ ಪದ್ಧತಿ. ಗುರುಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಗರಿಯನ್ನು ಬೆರಳಿನಿಂದ ಸವರಿ ಓದುತ್ತಿದ್ದರು.

ಒಂಬತ್ತನೆಯ ದಿನ ಒಂದೇ ಭಾಗಾಕಾರ ಉಳಿಯಿತು. ಊಟದ ಗಂಟೆ ಬಾರಿಸಿತು. ನೂರ ಎಂಬತ್ತೆಂಟಕ್ಕೆ ಒಡೆಯದ್ದು ಇದೊಂದಕ್ಕೆ ಒಡೆದೀತೇ ಅಂದುಕೊಂಡ ನಮ್ಮ ಪಂಡಿತ, ಶೇಷ ನಲವತ್ತೊಂದು ಎಂದು ಕೊರೆದು ಎದ್ದ.

ಗುರುಗಳು ಗರಿ ಸವರಿದರು. "ಎಲ್ಲ ಮಾಡಿದೆಯಾ?"

"ಮಾಡಿದೆ."

ಆಚೆ ದಡದ ಆಶ್ರಮಕ್ಕೆ ಗುಣಾಕರರ ಹೆಸರಿನಲ್ಲೇ ಸುದ್ದಿ ಹೋಯಿತು, ಈ ಸಂಖ್ಯೆ ಒಡೆಯದು ಎಂದು.

ಹತ್ತು ದಿನ ಕಳೆದು ಅಲ್ಲಿಂದ ಪದ್ಮಲೆ ಎಂಬ ಶಿಷ್ಯೆ ಬಂದಳು. ಎಲ್ಲರೂ ನೋಡುತ್ತಿದ್ದಂತೆ ಸಾವಿರದ ನೂರ ಇಪ್ಪತ್ತೊಂಬತ್ತರಿಂದ ಭಾಗಿಸಿದಳು. ಸಾವಿರದ ನೂರ ಐವತ್ತೊಂದು ಬಂತು. ಶೇಷ ಸೊನ್ನೆ.

"ಕ್ಷಮಿಸಬೇಕು, ಸ್ವಾಮಿ," ಎಂದಳು. ಅವಳಿಗೇ ಮುಜುಗರವಾಗಿತ್ತು.

ಗುಣಾಕರರು ಕೈಮುಗಿದರು. "ನೀನು ಕ್ಷಮಿಸಬೇಕಮ್ಮ. ತಪ್ಪು ನನ್ನದು. ವಯಸ್ಸಾಯಿತು."

ಯಾರೋ ಹಿಂದೆ ಕಿಸಕ್ಕೆಂದರು. ನೇಮಯ್ಯ ತಲೆ ತಗ್ಗಿಸಿ ಕೂತಿದ್ದ. ಬಾಯಿ ಬಿಡಲಿಲ್ಲ. ಸುಳ್ಳು ಬರೆದದ್ದಕ್ಕಿಂತ ಆ ಹೊತ್ತಿನ ಮೌನಕ್ಕೇ ಅವನು ಹೆಚ್ಚು ನಾಚಿದ.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರುಗಳ ಕಾಲು ಹಿಡಿದ.

"ಕೊನೆಯದನ್ನು ನಾನು ಮಾಡಲೇ ಇಲ್ಲ. ಹಸಿವಾಗಿತ್ತು. ಮನಸ್ಸಿಗೆ ಬಂದದ್ದು ಬರೆದೆ."

"ಅವಳು ಭಾಗಿಸಿದಾಗಲೇ ಗೊತ್ತಾಯಿತು."

"ಗೊತ್ತಿದ್ದೂ ತಪ್ಪು ನಿಮ್ಮದು ಅಂದಿರಾ?"

"ಓದಿದವನು ನಾನು. ಒಪ್ಪಿದವನು ನಾನು."

ನೇಮಯ್ಯ ಅತ್ತುಬಿಟ್ಟ. "ನಾಳೆಯೇ ಆಚೆ ದಡಕ್ಕೆ ಹೋಗಿ ಎಲ್ಲರೆದುರು ನಿಜ ಹೇಳುತ್ತೇನೆ."

"ಹೇಳು."

"ಆದರೆ ಸುಳ್ಳು ಅದೊಂದೇ, ಗುರುಗಳೇ. ಮಿಕ್ಕ ನೂರ ಎಂಬತ್ತೆಂಟೂ ನಾನೇ ಕೂತು ಮಾಡಿದ್ದು. ನಿಮ್ಮ ಪಾದದ ಆಣೆ."

ಗುಣಾಕರರು ಕೈಚಾಚಿ ಅವನ ತಲೆ ಸವರಿದರು.

"ಇಷ್ಟು ದಿನ ನೀನು ಆಣೆ ಹಾಕಬೇಕಾಗಿರಲಿಲ್ಲ, ಮಗೂ."