ಬಂಡೆಗೆ ಅಂಟಿದ ಬಾಣಂತಿ ಮೀನು

ಒಂದಾನೊಂದು ಕಾಲದಲ್ಲಿ, ಸಮುದ್ರಕ್ಕೆ ಇನ್ನೂ ಉಪ್ಪು ಸರಿಯಾಗಿ ಹಿಡಿದಿರದ ಕಾಲದಲ್ಲಿ, ದಡದ ಹತ್ತಿರ ನೀರೊಳಗೆ ಒಂದು ಒರಟು ಬಂಡೆ ಇತ್ತಂತೆ ಮಗಾ. ಎಂಥ ಒರಟು ಅಂದ್ರೆ, ಅದಕ್ಕೆ ಬೆನ್ನು ಉಜ್ಜಿಕೊಂಡ ಆನೆ ಇಲಿಯಷ್ಟಾಗಿ ಮನೆಗೆ ಹೋಯ್ತಂತೆ. ನಗಬೇಡ, ಆ ಇಲೀನ ನೋಡಿದವರು ಇನ್ನೂ ಬದುಕಿದಾರೆ. ಆ ಬಂಡೆಯ ಮಗ್ಗುಲಲ್ಲಿ ಬೆರಳುದ್ದದ ಒಂದು ಮೀನು, ಹೆಸರು ಗುಬ್ಬಕ್ಕ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಮೊಟ್ಟೆ ಇಟ್ಟಿದ್ದಳಂತೆ. ಮೊಟ್ಟೆಗಳೇನೋ ಬಂಡೆಗೆ ಅಂಟಿ ಕೂತಿದ್ವು, ಕಾಯೋ ತಾಯಿಗೆ ಮಾತ್ರ ನಿಲ್ಲೋಕಾಗ್ತಿರಲಿಲ್ಲ. ಅಲೆ ಬಂದ್ರೆ ಸಾಕು, ಅವಳನ್ನ ಕಸದ ಹಾಗೆ ಗುಡಿಸಿಕೊಂಡು ಹೋಗೋದು. ಅವಳು ಏದುಸಿರು ಬಿಡ್ತಾ ಈಜಿ ಬರೋಷ್ಟರಲ್ಲಿ ಪಕ್ಕದ ಬಿಲದ ಏಡಿ ಒಂದು ಮೊಟ್ಟೆ ನುಂಗಿ, ಬಾಯಿ ಒರೆಸಿಕೊಂಡು, ಏನಕ್ಕಾ, ಎಲ್ಲಿಗೆ ಹೋಗಿದ್ದೆ ಅಂತ ಕೇಳೋದಂತೆ!

ಗಂಡನ ಮನೆ ಹೊಂಡದಲ್ಲೇ ಇಡ್ತೀನಿ, ಅಲ್ಲಿ ಅಲೆ ಇಲ್ಲ ಅಂತ ಅವಳು ಮೊದಲೇ ಬಡ್ಕೊಂಡಿದ್ದಳು. ಮೂವರು ಅಣ್ಣಂದಿರು ಕೇಳಬೇಕಲ್ಲ. ಚೊಚ್ಚಲು ಅಲ್ಲಾದ್ರೆ ನಮ್ಮ ಮೀಸೆಗೇನು ಬೆಲೆ ಅಂತ ಎಳ್ಕೊಂಡು ಬಂದಿದ್ರು. ಮೀನಿಗೆಲ್ಲಿ ಮೀಸೆ ಅಂತ ಕೇಳಬೇಡ, ಆಗ ಇತ್ತು.

ಆಮೇಲೆ ದೊಡ್ಡಣ್ಣ ಬಂದು, ಪಾಚಿ ಕಚ್ಚಿ ಹಿಡ್ಕೊಳ್ಳೇ, ನಾನು ಹೀಗೇ ಕಚ್ಚಿ ಹಡಗನ್ನೇ ನಿಲ್ಲಿಸಿದವನು ಅಂದನಂತೆ. ಕಚ್ಚಿದಳು. ಅಲೆ ಬಂತು, ಪಾಚಿ ಬೇರು ಸಮೇತ ಕಿತ್ತು ಬಂತು. ಬೈಯೋಣ ಅಂದ್ರೆ ಬಾಯಿ ತುಂಬ ಪಾಚಿ. ಆಮೇಲೆ ನಡುವಿನವನು ದಡದಿಂದ ಹಲಸಿನ ಮೇಣ ತಂದನಂತೆ. ಇದು ಅಂಟುತ್ತೋ ಇಲ್ವೋ ಅಂತ ತಾನೇ ನೆಕ್ಕಿ ನೋಡಿ ಎರಡೂ ತುಟಿ ಅಂಟಿಸಿಕೊಂಡನಂತೆ. ಗುಬ್ಬಕ್ಕನಿಗೆ ಅದರಿಂದ ಆದ ಉಪಕಾರ ಅಂದ್ರೆ, ಮನೇಲಿ ಒಂದು ಬಾಯಿ ಕಡಿಮೆಯಾಯ್ತು.

ಮೂರನೆಯವನು ಸ್ವಲ್ಪ ಬುದ್ಧಿವಂತ, ಹಾಗಾಗಿ ಅವನ ಕಾಟ ಇನ್ನೂ ಹೆಚ್ಚು. ತಂಗಿಯ ಹೊಟ್ಟೆ ಕೆಳಗಿನ ಎರಡು ರೆಕ್ಕೆ ಜೋಡಿಸಿ ಪುಟ್ಟ ಬಟ್ಟಲು ಮಾಡಿದನಂತೆ. ಬೋರಲಾಗಿ ಒತ್ತಿ ನೀರು ಹೊರಗೆ ಹಾಕು, ಅಂಟಿ ಕೂರ್ತೀಯ ಅಂದ. ನುಣ್ಣನೆ ಕಪ್ಪೆಚಿಪ್ಪಿಗೆ ಒತ್ತಿದಳು, ಹೌದು, ಅಂಟಿತು! ಬಂಡೆಗೆ ಒತ್ತಿದಳು, ಬಂಡೆ ತುಂಬ ಗುಂಡಿ ಗೀರು, ಅಂಚಿನ ಸಂದಿಯಿಂದ ನೀರು ನುಗ್ಗಿ ಪುಸಕ್ ಅಂತ ಬಿಟ್ಕೊಂಡಿತು.

ತಪ್ಪು ನನ್ನ ಬಟ್ಟಲಿನದಲ್ಲ, ಬಂಡೇದು, ಉಜ್ಜಿ ನುಣುಪು ಮಾಡ್ತೀನಿ ಅಂತ ಕೂತನಂತೆ ಪುಣ್ಯಾತ್ಮ.

ಯಾವಾಗ ಮುಗಿಯುತ್ತೋ?

ನಿನ್ನ ಮೊಮ್ಮಕ್ಕಳ ಕಾಲಕ್ಕೆ ಗ್ಯಾರಂಟಿ.

ಮಕ್ಕಳೇ ಉಳೀತಿಲ್ಲ, ಮೊಮ್ಮಕ್ಕಳು ನಿನ್ನ ಮೀಸೆಯಿಂದ ಉದುರ್ತಾರಾ ಅಂತ ಅವಳು ಕಿರುಚಿದಳಂತೆ. ಉಳಿದಿದ್ದು ಒಂದು ಹಿಡಿ ಮೊಟ್ಟೆ.

ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಅವಳನ್ನ ಎತ್ತಿ ದಡದ ನೀರುಗುಂಡಿಗೆ ಒಗೀತು. ಅಲ್ಲಿ ಹೊನ್ನಜ್ಜಿ ಅಂತ ಒಬ್ಬ ಮುದುಕಿ ಒಲೆ ಹೂಡಿ ಕಡುಬು ಬೇಯಿಸ್ತಿದ್ದಳಂತೆ. ಕಡುಬಿನ ಪಾತ್ರೆ ಕೆಳಗಿನ ಹಂಡೆ ಮೇಲೆ ಸರಿಯಾಗಿ ಕೂರ್ತಿರಲಿಲ್ಲ, ಸಂದಿಯಿಂದ ಹಬೆಯೆಲ್ಲ ಬುಸ್ ಬುಸ್. ಅಜ್ಜಿ ಹಾಳಾಗಿ ಹೋಗು ಅಂತ ಬೈದು, ಹಳೇ ಸೀರೆಯ ಅಂಚು ಹರಿದು ನೆನೆಸಿ ಸಂದಿಗೆ ಸುತ್ತಿದಳಂತೆ. ಹಬೆ ಗಪ್‌ಚುಪ್.

ಗುಬ್ಬಕ್ಕ ಗುಂಡಿಯಿಂದಲೇ, ಅಜ್ಜೀ, ನನ್ನ ಬಟ್ಟಲಿಗೂ ಒಂಚೂರು ಸುತ್ತೇ ಅಂದಳಂತೆ.

ಎಲ್ಲಾರ್ಗೂ ನನ್ನ ಸೀರೆನೇ ಬೇಕು, ನಾನೇನು ಉಟ್ಕೊಳ್ಳಲಿ ಅಂತ ಗೊಣಗ್ತಾನೇ ಅಜ್ಜಿ ಒಂದು ಎಳೆ ಬಿಡಿಸಿ, ಅದನ್ನ ಕೂದಲಿಗಿಂತ ಸಣ್ಣಗೆ ಸೀಳಿ ಸೀಳಿ, ಬಟ್ಟಲಿನ ಅಂಚಿಗೆ ಸುತ್ತಲೂ ಕುಚ್ಚಿನ ಹಾಗೆ ನೆಟ್ಟು ನೀರಿಗೆ ಬಿಟ್ಟಳಂತೆ.

ಗುಬ್ಬಕ್ಕ ಬಂದವಳೇ ಮೊಟ್ಟೆ ಪಕ್ಕ ಒತ್ತಿ ಕೂತಳು. ಆ ಸಣ್ಣ ಎಳೆಗಳು ಬಂಡೆಯ ಗೀರು ಗೀರಿಗೂ ಹೊಕ್ಕು ಸಂದಿ ಮುಚ್ಚಿದ್ವು. ಆಮೇಲೆ ತೆಂಗಿನ ಮರದಷ್ಟೆತ್ತರದ ಅಲೆ ಬಂತಂತೆ, ಮೂವರು ಅಣ್ಣಂದಿರೂ ಮೀಸೆ ಸಮೇತ ಕೊಚ್ಚಿಕೊಂಡು ಹೋದರು. ಅವಳು ಮಿಸುಕಲಿಲ್ಲ. ಏಡಿ ಬಂದು ಬಾಲ ಹಿಡಿದು ಜಗ್ಗಿ ಜಗ್ಗಿ ತನ್ನ ಕೊಂಡೀನೇ ಮುರ್ಕೊಂಡು ಊರು ಬಿಟ್ಟಿತಂತೆ.

ಅಣ್ಣಂದಿರು ಸುಸ್ತಾಗಿ ವಾಪಸ್ ಬರೋ ಹೊತ್ತಿಗೆ ಮೊಟ್ಟೆಯೊಡೆದು ಮರಿಗಳು. ಒಂದೊಂದಕ್ಕೂ ಹುಟ್ಟುತ್ತಲೇ ಕುಚ್ಚಿನ ಬಟ್ಟಲು! ನೋಡಿದೆಯಾ, ನಾವಿದ್ದಿದ್ದಕ್ಕೆ ಆಯ್ತು ಅಂತ ಇಬ್ಬರು ಅಂದರೆ, ತುಟಿ ಅಂಟಿದವನೂ ಸೇರಿ ಮೂವರೂ ಎದೆಯುಬ್ಬಿಸಿದರಂತೆ. ಮರಿಗಳು ಮಾವಾ ಮಾವಾ ಅಂತ ಓಡಿ ಬಂದು ಮೂಗಿಗೆ, ಕೆನ್ನೆಗೆ, ಬೆನ್ನಿಗೆ ಪಚಕ್ ಪಚಕ್ ಅಂಟಿಕೊಂಡ್ವು. ಎಷ್ಟು ಕೊಡವಿದರೂ ಬಿಡಲೊಲ್ಲವು.

ತೆಗೆಯೇ ತಂಗೀ, ಉಸಿರು ಕಟ್ತಿದೆ!

ಎತ್ಕೊಂಡಿರ್ರೋ ಸ್ವಲ್ಪ, ಅತ್ತರೆ ಜೋಗುಳ ಹಾಡಿ ಅಂದು ಗುಬ್ಬಕ್ಕ ಬಂಡೆಗೆ ಅಂಟಿಕೊಂಡೇ, ಬಾಣಂತಿಯಾದ ಮೇಲೆ ಮೊದಲ ಸಲ, ಕಣ್ಣು ತುಂಬ ನಿದ್ದೆ ಹೋದಳಂತೆ. ಅವಳಿಗೆ ನಿದ್ದೆ ಹತ್ತಿತು, ಇಲ್ಲಿಗೆ ಕತೆಯೂ ಮುಗೀತು, ಮಲಗು ಮಗಾ.